ಮಿಸ್ ವಿನ್‌ಬುಶ್ ನಮ್ಮೂರಿಗೆ ಕಪ್ಪಾಗಲು ಬಂದದ್ದು

ನನ್ನ ಗಂಡ ತ್ಯಾಡಿಯಸ್ ಮಲ್ಲಿಂಗ್ಸ್ ಹಿಮದ ಬಗ್ಗೆ ಕವಿತೆ ಬರೆಯುತ್ತಿದ್ದರು. ಹುಟ್ಟಿದ್ದು ಕಿಂಗ್‌ಸ್ಟನ್, ಬೆಳೆದದ್ದು ಕಿಂಗ್‌ಸ್ಟನ್, ಜಮೈಕಾ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಮೀನಂಗಡಿಯ ಐಸುಗಡ್ಡೆ ಬಿಟ್ಟರೆ ತಣ್ಣಗಿರುವ ಇನ್ನೊಂದು ವಸ್ತುವನ್ನು ಅವರು ಮುಟ್ಟಿದ್ದು ನಾನು ಕಾಣೆ. ಆದರೆ ಬೆವರು ಒರೆಸಿಕೊಳ್ಳುತ್ತ ಜಗಲಿಯಲ್ಲಿ ಕೂತು 'ಓ ಶ್ವೇತ ಮೌನವೇ' ಎಂದು ಶುರುಮಾಡಿದರೆ ನಾಲ್ಕು ಪುಟ ದಾಟುವವರೆಗೆ ನಿಲ್ಲುತ್ತಿರಲಿಲ್ಲ. ಇಂಗ್ಲೆಂಡಿನ ಕವಿಗಳೆಲ್ಲ ಹಾಗೇ ಬರೆದಿದ್ದಾರಲ್ಲ, ಅದಕ್ಕೆ. ಮಾವಿನಹಣ್ಣಿನ ಮೇಲೆ ಬರೆದರೆ ಅದು ಕವಿತೆಯೋ ಸಂತೆಯ ಚೀಟಿಯೋ ಎಂಬ ಅನುಮಾನ ಅವರಿಗಿತ್ತು.

ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೇರಿಯವರಂತೆ ನಾನೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆ. ನಾನು ಐಸಿಲ್ಡಾ, ಬಟ್ಟೆ ಹೊಲಿಯುವವಳು. ನಮ್ಮೂರಿನ ಕವನ ಮಂಡಳಿಗೆ ಮೇಷ್ಟ್ರು ಸದಸ್ಯರಾಗಿದ್ದೂ ಒಂದು ಅಚಾತುರ್ಯದಿಂದಲೇ. ಮಂಡಳಿಯವರು ಒಂದು ಸ್ಪರ್ಧೆ ಇಟ್ಟಿದ್ದರು. ಕವಿತೆಯ ಮೇಲೆ ಹೆಸರು ಬರೆಯಬಾರದು ಎಂಬ ನಿಯಮ. ಬಹುಮಾನ ತೀರ್ಮಾನಿಸಿ, ಪತ್ರಿಕೆಗೂ ತಿಳಿಸಿ, ಆಮೇಲೆ ಲಕೋಟೆ ಒಡೆದು ನೋಡಿದರೆ ಅಷ್ಟು ಬೆಳ್ಳಗಿನ ಕವಿತೆಯನ್ನು ಬರೆದವನು ಇಷ್ಟು ಕಪ್ಪಗಿದ್ದಾನೆ! ವಾಪಸ್ ತೆಗೆದುಕೊಂಡರೆ ಚೆನ್ನಾಗಿರುವುದಿಲ್ಲ. ಹಾಗಾಗಿ ಸೇರಿಸಿಕೊಂಡರು. ಸಭೆಯಲ್ಲಿ ಅವರ ಕುರ್ಚಿ ಯಾವಾಗಲೂ ಬಾಗಿಲಿನ ಹತ್ತಿರ, ಹೂವಿನ ಕುಂಡದ ಹಿಂದೆ. ಗಾಳಿ ಚೆನ್ನಾಗಿ ಬರುತ್ತದಂತೆ ಅಲ್ಲಿ.

ನಮ್ಮೂರಲ್ಲಿ ವರ್ಣಭೇದ ಇರಲಿಲ್ಲ. ಇದು ನನ್ನ ಮಾತಲ್ಲ, ಮಂಡಳಿಯ ಅಧ್ಯಕ್ಷೆ ಮಿಸೆಸ್ ಪೆನಿಕುಕ್ ಅವರದು. ವಕೀಲರ ಹೆಂಡತಿ, ಹಾಲು ಜಾಸ್ತಿ ಬಿದ್ದ ಚಹಾದ ಬಣ್ಣ. ಅವರ ಅಜ್ಜಿಯ ಪಟ ಮಲಗುವ ಕೋಣೆಯ ಬೀರುವಿನೊಳಗೆ ಇರುತ್ತಿತ್ತು. ರವಿಕೆಯ ಅಳತೆ ತೆಗೆದುಕೊಳ್ಳಲು ಹೋದಾಗ ನಾನೇ ನೋಡಿದ್ದೇನೆ. ಆ ಅಜ್ಜಿ ಚಹಾ ಅಲ್ಲ, ಬರೀ ಡಿಕಾಕ್ಷನ್. ಬಿಳಿಯರು ಮೇಲೆ, ಕಂದು ಬಣ್ಣದವರು ನಡುವೆ, ನಾವು ಕೆಳಗೆ. ಆದರೆ ಯಾರೂ ಎಲ್ಲೂ 'ಬಿಳಿಯರಿಗೆ ಮಾತ್ರ' ಎಂದು ಬೋರ್ಡು ಹಾಕಿರಲಿಲ್ಲ. ಅಮೇರಿಕದವರು ಬೋರ್ಡು ಹಾಕುತ್ತಾರೆ, ಅನಾಗರಿಕರು. ನಮ್ಮಲ್ಲಿ ಬೋರ್ಡಿನ ಖರ್ಚೂ ಉಳಿತಾಯ.

ನನ್ನ ಅಮ್ಮನಿಗೂ ವರ್ಣಭೇದ ಇರಲಿಲ್ಲ. ಮೇಷ್ಟ್ರಿಗಿಂತ ನನ್ನ ಬಣ್ಣ ಒಂದೆರಡು ಮೆಟ್ಟಿಲು ಮೇಲೆ. "ಮೇಲಕ್ಕೆ ಹತ್ತೋ ಬದಲು ಕೆಳಕ್ಕಿಳಿದ್ಯಲ್ಲೇ, ಮೊಮ್ಮಕ್ಕಳ ಮುಖ ನಾನು ದೀಪ ಹಚ್ಚಿ ನೋಡ್ಬೇಕೇನೇ?" ಎಂದು ಕೇಳಿ, ಮದುವೆಯ ದಿನದಿಂದ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಷ್ಟೆ.

ಇಂಗ್ಲಿಷರೇ ನಮ್ಮನ್ನು ಆಳುತ್ತಿದ್ದ ಕಾಲ ಅದು. ಒಂದು ವರ್ಷ ಅಮೇರಿಕದಿಂದ ಒಂದು ಕವನ ಸಂಕಲನ ಬಂತು. ಕವಯಿತ್ರಿ ಲಿಯೋರಾ ವಿನ್‌ಬುಶ್, ವಾಷಿಂಗ್ಟನ್ನಿನವಳು, ನೀಗ್ರೋ. ಪುಸ್ತಕದಲ್ಲಿ ಅವಳ ಪಟ ಇರಲಿಲ್ಲ. ಮೊದಲನೇ ಕವಿತೆಯೇ ಹೀಗೆ: 'ಉತ್ತ ನೆಲದ ಬಣ್ಣ ನನ್ನದು, ಬಿತ್ತಿ ನೋಡಿ.' ಮಂಡಳಿಯವರು ಓದಿ ಕರ್ಚೀಫು ಒದ್ದೆ ಮಾಡಿಕೊಂಡರು. ಅಮೇರಿಕದ ಕರಿಯರ ಕಷ್ಟ ಓದಿದರೆ ಅವರಿಗೆ ಎಲ್ಲಿಲ್ಲದ ಕರುಣೆ. ಸಮುದ್ರ ನಡುವೆ ಇದ್ದರೆ ಕರುಣೆ ಬಲು ಚೆನ್ನಾಗಿ ಹರಿಯುತ್ತದೆ.

ಆ ಕವಯಿತ್ರಿಯೇ ನಮ್ಮೂರಿಗೆ ಬರುತ್ತೇನೆ ಅಂದಾಗ ಮಾತ್ರ ಕಷ್ಟಕ್ಕಿಟ್ಟುಕೊಂಡಿತು. ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಹೆಸರು ಬಂದವಳು, ಬೇಡ ಅನ್ನುವ ಹಾಗಿಲ್ಲ. ಎಲ್ಲಿ ಇಳಿಸುವುದು? ಬಂದರಿನ ಪಕ್ಕದ ದೊಡ್ಡ ಹೋಟೆಲಿಗೆ ಕಪ್ಪು ಮುಖ ಹೋಗಬೇಕಾದರೆ ಕೈಯಲ್ಲಿ ಬಡಿಸುವ ತಟ್ಟೆ ಇರಬೇಕು. ಪೆನಿಕುಕ್ ಮನೆಯ ಅತಿಥಿ ಕೋಣೆಗೆ ಆಗ ತಾನೇ ಬಣ್ಣ ಹೊಡೆಸಲು ಶುರುಮಾಡಿದ್ದರು. ಕಾಗದ ಬಂದ ಮಾರನೆಯ ದಿನದಿಂದ.

"ಮಲ್ಲಿಂಗ್ಸ್, ಅವರು ನಿಮ್ಮನೇಲೇ ಇದ್ರೆ ಚೆನ್ನ ಅಲ್ವಾ?" ಎಂದರು ಮಿಸೆಸ್ ಪೆನಿಕುಕ್. "ತಮ್ಮವರ ಜೊತೆ ಇದ್ರೆ ಅವ್ರಿಗೂ ಹಾಯಾಗಿರುತ್ತೆ."

ಮೇಷ್ಟ್ರು ಉಬ್ಬಿಹೋದರು. ನಾನು ಹೊಸ ಪರದೆ ಹೊಲಿದೆ. ಪಕ್ಕದ ಮನೆಯಿಂದ ಹೂವಿನ ಚಿತ್ರದ ತಟ್ಟೆಗಳನ್ನು ಕೇಳಿ ತಂದೆ. ಮೇಷ್ಟ್ರು ಸ್ವಾಗತ ಪದ್ಯ ಬರೆದರು. ಅದರಲ್ಲೂ ಒಂದು ಕಡೆ ಹಿಮ ಬಿದ್ದಿತ್ತು.

ಹಡಗು ಬಂದ ದಿನ ನಾವೆಲ್ಲ ಬಂದರಿನ ದಕ್ಕೆಯ ಮೇಲೆ ನಿಂತಿದ್ದೆವು. ಮೊದಲು ಇಳಿದದ್ದು ಕಪ್ಪಗೆ, ದಪ್ಪಗೆ, ಗಂಭೀರವಾಗಿದ್ದ ಒಬ್ಬ ಹೆಂಗಸು. ತಲೆಯ ಮೇಲೆ ಹಕ್ಕಿಪುಕ್ಕದ ಟೋಪಿ. ಮಿಸೆಸ್ ಪೆನಿಕುಕ್ ಮೇಷ್ಟ್ರ ಬೆನ್ನಿಗೆ ಕೈಕೊಟ್ಟು ಮುಂದೆ ತಳ್ಳಿದರು. ಮೇಷ್ಟ್ರು ಟೋಪಿ ತೆಗೆದು ಎಂಟು ಚರಣ ಹೇಳಿದರು. ಆಕೆ ಪೂರ್ತಿ ನಿಂತು ಕೇಳಿದಳು.

"ಬಾಳ ಚೆನ್ನಾಗೈತೆ ಕಣಪ್ಪಾ," ಎಂದಳು. "ನಂಗೆ ಇಷ್ಟು ಮರ್ಯಾದೆ ನನ್ ಮದ್ವೇಲೂ ಸಿಕ್ಕಿರ್ಲಿಲ್ಲ. ಆದ್ರೆ ನಾನು ಪನಾಮಾದಾಗೆ ಅಡುಗೆ ಕೆಲ್ಸ ಮಾಡ್ಕೊಂಡಿದ್ದೋಳು, ತಂಗಿ ಮನೆಗೆ ಬಂದಿದೀನಿ. ಇಲ್ಲಿ ಬಸ್ಸು ಎಲ್ಲಿ ಸಿಗ್ತೈತೆ?"

ಆಗ ಹಿಂದಿನಿಂದ ಒಂದು ದನಿ: "ನೀವು ಕವನ ಮಂಡಳಿಯವ್ರಾ? ನಾನೇ ಲಿಯೋರಾ ವಿನ್‌ಬುಶ್."

ತಿರುಗಿ ನೋಡಿದೆವು. ತಾಮ್ರದ ಬಣ್ಣದ ಕೂದಲು, ಬೂದುಗಣ್ಣು, ಮೂಗಿನ ಮೇಲೆ ಬಿಸಿಲಿಗೆ ಎದ್ದ ಚುಕ್ಕೆಗಳು. ಗವರ್ನರ್ ಸಾಹೇಬರ ಹೆಂಡತಿಯ ಪಕ್ಕ ನಿಲ್ಲಿಸಿದರೆ ಗವರ್ನರ್ ಹೆಂಡತಿಯೇ ಒಂದು ಛಾಯೆ ಮಬ್ಬಾಗಿ ಕಾಣಬೇಕು.

ಮಿಸೆಸ್ ಪೆನಿಕುಕ್ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದಾಗ ಇನ್ನೊಂದೇ ದನಿ ಬಂತು. "ಓಹ್ ಮೈ ಡಿಯರ್! ಪ್ರಯಾಣ ಸುಖವಾಗಿತ್ತಾ? ಕಾರು ಕಾಯ್ತಾ ಇದೆ. ಹೋಟೆಲ್‌ನಲ್ಲಿ ಸಮುದ್ರದ ಕಡೆ ಕೋಣೆ."

"ಮಿಸ್ಟರ್ ಮಲ್ಲಿಂಗ್ಸ್ ಮನೇಲಿ ಅಂತ ಬರೆದಿದ್ರಿ?"

"ಅದು ಬೇರೆ ಮಿಸ್ ವಿನ್‌ಬುಶ್ ಅಂದ್ಕೊಂಡು," ಎಂದುಬಿಟ್ಟರು ಮಿಸೆಸ್ ಪೆನಿಕುಕ್. ಅವರು ಬದುಕಿನಲ್ಲಿ ಹೇಳಿದ ನಿಜಗಳಲ್ಲಿ ಅದೊಂದು.

ಕಾರು ಹೋಯಿತು. ಮೇಷ್ಟ್ರು ಪನಾಮಾ ಹೆಂಗಸಿನ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಗೆ ಹತ್ತಿಸಿದರು. ನಾನು ಮನೆಗೆ ಬಂದು ತಟ್ಟೆಗಳನ್ನು ವಾಪಸ್ ಕೊಟ್ಟೆ.

ಮುಂದಿನ ದಿನಗಳಲ್ಲಿ ಊರಿಗೆಲ್ಲ ಒಂದೇ ಸುದ್ದಿ. ಅಮೇರಿಕದಲ್ಲಿ ಒಂದು ತೊಟ್ಟು ಕರಿಯ ರಕ್ತವಿದ್ದರೆ ಕರಿಯನೇ, ಕಾನೂನೇ ಹಾಗೆ. ನಮ್ಮಲ್ಲಿ ಒಂದು ತೊಟ್ಟು ಬಿಳಿಯ ರಕ್ತವಿದ್ದರೆ ಅದನ್ನು ಮೊಮ್ಮಕ್ಕಳವರೆಗೂ ಹೇಳಿಕೊಂಡು ತಿರುಗುತ್ತಾರೆ. ಪಾಪ ಮಿಸ್ ವಿನ್‌ಬುಶ್‌ಗೆ ಇದು ತಿಳಿಯದು. ಹೋದಲ್ಲೆಲ್ಲ "ನಾನು ನೀಗ್ರೋ ಹೆಂಗಸು" ಎಂದು ಎದ್ದುನಿಂತು ಹೇಳುತ್ತಿದ್ದಳು. ಗವರ್ನರ್ ಕಾರ್ಯದರ್ಶಿಯ ಮನೆಯ ಚಹಾಕೂಟದಲ್ಲಿ ಹೀಗೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರಂತೆ. "ಅಮೇರಿಕದವರ ಹಾಸ್ಯಪ್ರಜ್ಞೆ ನಮಗೆಲ್ಲಿ ಬರ್ಬೇಕು!" ಎಂದರಂತೆ ಮಿಸೆಸ್ ಪೆನಿಕುಕ್. ಒಬ್ಬ ಮುದುಕಿ ಮಾತ್ರ ಅವಳನ್ನು ಮೂಲೆಗೆ ಕರೆದು, "ಮಗೂ, ನಮ್ಮ ವಂಶದಲ್ಲೂ ಅಂಥದ್ದು ಇದೆ, ಆದ್ರೆ ಊಟದ ಮೇಜಿನ ಹತ್ರ ಯಾರಾದ್ರೂ ಹೇಳ್ತಾರಾ?" ಎಂದು ಬುದ್ಧಿ ಹೇಳಿದಳಂತೆ.

ಶುಕ್ರವಾರ ಮಧ್ಯಾಹ್ನ ಹೋಟೆಲಿನಲ್ಲಿ ಕವಿತಾ ವಾಚನ. ವಂದನಾರ್ಪಣೆ ಮೇಷ್ಟ್ರದು ಎಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿಬಿಟ್ಟಿತ್ತು. ಅವರು ಕಪ್ಪು ಸೂಟು ಹಾಕಿ, ಬೂಟಿಗೆ ಮುಖ ಕಾಣುವಷ್ಟು ಪಾಲಿಶ್ ಮಾಡಿ ಹೊರಟರು. ನಾನೂ ಹೋದೆ. ಬಾಗಿಲಲ್ಲಿ ನಿಂತ ಕಾವಲುಗಾರ ಮೇಷ್ಟ್ರಿಗಿಂತ ಕಪ್ಪು, ಆದರೆ ಅವನ ಕೋಟಿಗೆ ಹಿತ್ತಾಳೆ ಗುಂಡಿಗಳಿದ್ದವು.

"ಬ್ಯಾಂಡಿನವ್ರು ಹಿಂದಿನ ಬಾಗ್ಲು," ಎಂದ.

"ನಾನು ಭಾಷಣಕಾರ."

"ಭಾಷಣಾನೂ ಹಿಂದಿನ ಬಾಗ್ಲಿಂದಾನೇ ಮೇಷ್ಟ್ರೇ. ನಾನು ಕಾಯ್ದೆ ಮಾಡ್ದೋನಲ್ಲ, ಬರೀ ಬಾಗ್ಲು ಕಾಯೋನು."

ಮಿಸೆಸ್ ಪೆನಿಕುಕ್ ರೇಷ್ಮೆ ಸರಸರ ಮಾಡುತ್ತ ಓಡಿಬಂದರು. "ಅಯ್ಯೋ ಮಲ್ಲಿಂಗ್ಸ್, ಏನೋ ಎಡವಟ್ಟಾಗಿದೆ. ಇವತ್ತು ಬೇಡ, ಗಲಾಟೆ ಮಾಡ್ಕೋಬೇಡಿ. ಅಡುಗೆಮನೆ ಪಕ್ಕದ ಕಿಟಕಿ ಹತ್ರ ಕೂತ್ಕೊಳ್ಳಿ. ಪ್ರತಿ ಅಕ್ಷರ ಕೇಳ್ಸುತ್ತೆ. ಗಾಳಿನೂ ಚೆನ್ನಾಗಿದೆ."

ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಆಗಲಿ ಮೇಡಂ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮೇಷ್ಟ್ರೇ, ಎಲ್ಲಿ ಹೋದ್ರೂ ನಿಮ್ಗೆ ಗಾಳಿನೇ ಬಡಿಸ್ತಾರಲ್ಲ, ಹೊಟ್ಟೆ ತುಂಬ್ತಾ?" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಸಭಾಂಗಣದ ಒಳಗಿನವರೆಗೆ ಕೇಳಿಸಿತೆಂದು ಕಾಣುತ್ತದೆ, ಮಿಸ್ ವಿನ್‌ಬುಶ್ ಕೈಯಲ್ಲಿ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು. ಹಿಂದೆಯೇ ಹೋಟೆಲಿನ ಮ್ಯಾನೇಜರ್, ಇಂಗ್ಲಿಷಿನವನು.

"ಇವ್ರನ್ನ ಯಾಕೆ ನಿಲ್ಲಿಸಿದೀರಿ?" ಎಂದಳು.

ನಮ್ಮಲ್ಲಿ ಬೋರ್ಡಿಲ್ಲದ್ದರಿಂದ ಇಂಥ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ.

"ಇವ್ರಿಗೆ ಇಲ್ಲಿ ಜಾಗ ಇಲ್ಲ ಅಂದ್ರೆ ನನಗೂ ಇಲ್ಲ. ನಾನೂ ನೀಗ್ರೋ. ನನ್ನನ್ನೂ ಹೊರಗೆ ಹಾಕಿ."

"ಹಾಗೆಲ್ಲ ಮಾಡೋಕಾಗಲ್ಲ ಮೇಡಂ," ಎಂದ ಮ್ಯಾನೇಜರ್, ತುಂಬ ವಿನಯದಿಂದ. "ನೀವು ನಮ್ಮ ಅತಿಥಿ."

"ಒಂದು ವಾರದಿಂದ ಒಬ್ಬ ಕರಿಯಳನ್ನ ಇಲ್ಲಿ ಇಟ್ಕೊಂಡಿದೀರಿ. ನಿಮ್ಮ ನಿಯಮ ಮುರಿದಿದೆ. ಹಾಕಿ ಹೊರಗೆ!"

"ನಮ್ಮಲ್ಲಿ ಅಂಥ ನಿಯಮವೇ ಇಲ್ಲ ಮೇಡಂ."

"ಹಾಗಾದ್ರೆ ಇವ್ರು ಒಳಗೆ ಬರ್ಲಿ."

"ಅದು ಸಾಧ್ಯವಿಲ್ಲ ಮೇಡಂ."

"ಯಾಕೆ?"

"ಸಾಧ್ಯವಿಲ್ಲ, ಅದಕ್ಕೆ. ನಿಮ್ಮ ದೇಶದಲ್ಲಿ ನೀವು ಏನಾದ್ರೂ ಆಗಿರಬಹುದು. ಇಲ್ಲಿ ನೀವು ಹೇಗೆ ಕಾಣ್ತೀರೋ ಹಾಗೆ. ಬಿಸಿಲಿದೆ, ಒಳಗೆ ಬನ್ನಿ, ನಿಂಬೆ ಶರಬತ್ತು ಕಳಿಸ್ತೀನಿ."

ಅವಳ ಕಣ್ಣಲ್ಲಿ ನೀರು ಬಂತು. ಹೊರಗೆ ಹಾಕಿ ಎಂದು ಒಬ್ಬಳು ಬೇಡಿಕೊಳ್ಳುವುದು, ಹಾಕುವುದಿಲ್ಲ ಎಂದು ಒಬ್ಬ ಹಟಹಿಡಿಯುವುದು, ಒಳಗೆ ಬರಬೇಕಾದವರು ಬಾಗಿಲಲ್ಲಿ ಟೋಪಿ ಹಿಡಿದು ನಿಂತಿರುವುದು. ಕೊನೆಗೆ ಅವಳೇ ಮೆಟ್ಟಿಲಿಳಿದು ಬಂದು ಮೇಷ್ಟ್ರ ತೋಳು ಹಿಡಿದಳು. "ನಡೀರಿ. ನಾಳೆ ನಮ್ಮ ಜನರ ಮುಂದೆ ಓದ್ತೀನಿ. ಅವ್ರಿಗೆ ಗೊತ್ತಾಗುತ್ತೆ."

'ನಮ್ಮ ಜನ' ಅಂದರೆ ಯಾರು ಎಂದು ನನಗೆ ಆಗ ಹೊಳೆಯಲಿಲ್ಲ.

ಮಾರನೆಯ ದಿನ ಶನಿವಾರ, ದೊಡ್ಡ ಮಾರುಕಟ್ಟೆಯ ದಿನ. ಬೆಟ್ಟದ ಹಳ್ಳಿಗಳಿಂದ ಗೆಡ್ಡೆ, ಬಾಳೆಕಾಯಿ, ಮೆಣಸಿನಕಾಯಿ ಹೊತ್ತು ಹೆಂಗಸರು ಇಳಿದಿದ್ದರು. ಮಿಸ್ ವಿನ್‌ಬುಶ್ ನಮ್ಮ ಪರಿಚಯದ ಮಿಸ್ ಟೇಮರ್ ಅಂಗಡಿಯ ಮುಂದೆ ಗೆಡ್ಡೆಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಹತ್ತಿ ನಿಂತಳು. ಮಿಸ್ ಟೇಮರ್ ಅರವತ್ತು ದಾಟಿದ ಹೆಂಗಸು. ಅವಳ ಬಾಯಿಗೆ ಪೊಲೀಸರೂ ಹೆದರುತ್ತಿದ್ದರು.

"ಬಿಳಿ ಅಮ್ಮಾವ್ರೇ, ಮೆಣಸಿನ್ಕಾಯ್ ತಗೊಳ್ಳಿ!" ಎಂದು ಒಬ್ಬಳು ಕೂಗಿದಳು. "ಚರ್ಚಿನೋರಿರ್ಬೇಕು, ಸುಮ್ಕಿರ್ರೇ," ಎಂದಳು ಇನ್ನೊಬ್ಬಳು. ಎಲ್ಲರೂ ಭಕ್ತಿಯಿಂದ ತಲೆವಸ್ತ್ರ ಸರಿಮಾಡಿಕೊಂಡರು.

ಮಿಸ್ ವಿನ್‌ಬುಶ್ ಎದೆಯುಬ್ಬಿಸಿ ಓದಿದಳು: "ಉತ್ತ ನೆಲದ ಬಣ್ಣ ನನ್ನದು..."

ಆಮೇಲೆ ಮಿಸ್ ಟೇಮರ್ ಕೇಳಿದಳು, "ಯಾವ ನೆಲ ಕಣವ್ವಾ ಅದು? ಸುಣ್ಣದ ಗಣಿಯಾ?"

ನಗು ಎದ್ದಿತು ನೋಡಿ, ಮೀನಿನ ಸಾಲಿನಿಂದ ಹಿಡಿದು ಬುಟ್ಟಿ ಸಾಲಿನವರೆಗೆ. ಕೆಲವರು ನೆಲಕ್ಕೆ ಕೂತರು. ಮಿಸ್ ವಿನ್‌ಬುಶ್ ಕೈಚಾಚಿ, "ನಾನು ಕಪ್ಪು! ನನ್ನ ಅಜ್ಜಿ ಗುಲಾಮಳಾಗಿದ್ಲು! ನಾನು ನಿಮ್ಮ ತಂಗಿ!" ಎಂದು ಕೂಗಿದಳು. ಮಿಸ್ ಟೇಮರ್ ಬಂದು ತನ್ನ ತೋಳನ್ನು ಅವಳ ತೋಳಿನ ಪಕ್ಕ ಹಿಡಿದಳು.

"ಮಗಾ, ನೀನು ಕಪ್ಪಾದ್ರೆ ನಾನೇನು, ಮಸಿಯಾ? ಬಿಸಿಲಾಗೆ ನಿಂತ್ರೆ ನೀನು ಕೆಂಪಾಯ್ತೀಯೇ ಹೊರ್ತು ಕಪ್ಪಾಗಾಕಿಲ್ಲ. ಯಾರ್ ಏನ್ ಅಂದ್ರವ್ವಾ ನಿಂಗೆ? ಯಾಕ್ ಹಿಂಗೆ ನಿನ್ನ ನೀನೇ ಬಯ್ಕಂತೀಯ?" ಆಮೇಲೆ ಕಣ್ಣು ಮಿಟುಕಿಸಿ, "ಅಷ್ಟು ಆಸೆ ಇದ್ರೆ ಹಿಂಗ್ ಮಾಡಾಣ. ನಿನ್ ಬಣ್ಣ ನಂಗೆ ಕೊಡು, ನನ್ ಗೆಡ್ಡೆ ಬುಟ್ಟಿ ನೀನ್ ಹೊರು. ನನ್ ಮಗಳಿಗೆ ಬ್ಯಾಂಕಿನಾಗೆ ಕೆಲ್ಸ ಕೇಳ್ಕಂಡ್ ಬತ್ತೀನಿ."

ಅವಳು ಪೆಟ್ಟಿಗೆಯಿಂದ ಇಳಿದುಬಿಟ್ಟಳು. ಮುಖ ಬೆಳ್ಳಗಾಗಿತ್ತು, ಇನ್ನೂ ಆಗಲು ಸಾಧ್ಯವಿದ್ದಷ್ಟು. ಅವಮಾನ ಮುಚ್ಚಲೆಂದು ಮೇಷ್ಟ್ರು ಪೆಟ್ಟಿಗೆ ಹತ್ತಿದರು, ಕೈಗೆ ಸಿಕ್ಕ ಕವಿತೆ ಓದಿದರು. 'ಓ ಶ್ವೇತ ಮೌನವೇ.' ನನಗೆ ಸೆರಗಿದ್ದಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆದರೆ ಏನು ಹೇಳಲಿ, ಮಾರುಕಟ್ಟೆ ಮೂಕಾಯಿತು. ಕಾದ ತಗಡಿನ ಚಾವಣಿಯ ಕೆಳಗೆ ಹಿಮ ನಾಲ್ಕು ಪುಟ ಬಿತ್ತು. ಮುಗಿದಾಗ ಒಬ್ಬಳು ಕಣ್ಣೊರೆಸಿಕೊಂಡು, "ಒಂದ್ ಪದಾನೂ ತಿಳೀಲಿಲ್ಲ, ಎಷ್ಟ್ ಚೆಂದಾಗ್ ಓದ್ತಾರೆ ಮೇಷ್ಟ್ರು!" ಎಂದಳು. "ನಂಗೆ ಕಾಲೆಲ್ಲ ತಣ್ಣಗಾಯ್ತು," ಎಂದಳು ಇನ್ನೊಬ್ಬಳು.

ಮೂವರೂ ಅಂಗಡಿಯ ಹಿಂದೆ ಕೂತೆವು. ಮಿಸ್ ಟೇಮರ್ ಕರಿದ ಮೀನು, ಮರಗೆಣಸಿನ ರೊಟ್ಟಿ ಕೊಟ್ಟಳು. ಮಿಸ್ ವಿನ್‌ಬುಶ್ ಮುಟ್ಟಲಿಲ್ಲ.

"ನೀವು ಹಿಮ ನೋಡೇ ಇಲ್ಲ," ಎಂದಳು ಮೇಷ್ಟ್ರಿಗೆ. "ಅದೆಲ್ಲ ಸುಳ್ಳು. ಯಜಮಾನರ ಕವಿತೆ, ನಿಮ್ಮದಲ್ಲ."

ಮೇಷ್ಟ್ರು ಮೀನಿನ ಮುಳ್ಳು ತೆಗೆದು ಎಲೆಯ ಅಂಚಿಗಿಟ್ಟರು. "ನಿಜ. ನೋಡಿಲ್ಲ. ಆದ್ರೆ ನೀವೂ ಒಂದು ಮಧ್ಯಾಹ್ನದ ಮಟ್ಟಿಗಾದ್ರೂ ಕಪ್ಪಗೆ ಇದ್ದೋರಲ್ಲ ಮಿಸ್ ವಿನ್‌ಬುಶ್. ನಿನ್ನೆ ಆ ಬಾಗಿಲ ಹತ್ರ ನಾನಿದ್ದೆ. ನೀವು ಪಕ್ಕದಲ್ಲಿದ್ರಿ."

ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಕವಿತೆಯಲ್ಲಂತೂ ಇಲ್ಲವೇ ಇಲ್ಲ.

ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ಅವಳಿಗೊಬ್ಬ ಅಣ್ಣ, ಅವಳದೇ ಬಣ್ಣ, ಅವಳದೇ ಕಣ್ಣು. ಒಂದು ದಿನ ಬೇರೆ ಊರಿಗೆ ಹೋದವನು ಬಿಳಿಯನಾಗಿಬಿಟ್ಟ. ಕೆಲಸ ಸಿಕ್ಕಿತು, ಬಿಳಿಯ ಹೆಂಡತಿ ಸಿಕ್ಕಳು. ಅಮ್ಮ ಸತ್ತಾಗ ಬರಲಿಲ್ಲ. ಆಮೇಲೊಮ್ಮೆ ರೈಲು ನಿಲ್ದಾಣದಲ್ಲಿ ಇವಳ ಎದುರಿಗೇ ಬಂದ. ಹೆಂಡತಿ ಪಕ್ಕದಲ್ಲಿದ್ದಳು. ಟೋಪಿಯ ಅಂಚು ಕೆಳಗೆಳೆದುಕೊಂಡು ಹೋಗಿಬಿಟ್ಟ.

"ನನಗೂ ಅಷ್ಟೇ ಸುಲಭ ಇತ್ತು," ಎಂದಳು. "ಟೋಪಿ ಎಳ್ಕೊಂಡ್ರೆ ಸಾಕು. ನಾನು ಎಳ್ಕೊಳ್ಳಲಿಲ್ಲ. ಅದಕ್ಕೇ ಎಲ್ಲಿ ಹೋದ್ರೂ ಕೂಗಿ ಹೇಳ್ತೀನಿ. ಕೂಗದಿದ್ರೆ ನಾನೂ ಅವನೇ ಆಗ್ಬಿಡ್ತೀನಿ ಅಂತ ಭಯ."

ನನ್ನ ನಾಲಗೆಯ ತುದಿಗೆ ಯಾವಾಗಲೂ ಏನಾದರೊಂದು ಕೊಂಕು ಬಂದೇ ಬರುತ್ತದೆ. ಅವತ್ತು ಬರಲಿಲ್ಲ. ಮೀನಿನ ಎಲೆಯನ್ನು ಅವಳ ಮಡಿಲಿಗಿಟ್ಟು, "ಆರಿಹೋಗುತ್ತೆ, ತಿನ್ನಿ," ಎಂದೆ. ತಿಂದಳು.

ಅವತ್ತೇ ಹೋಟೆಲು ಬಿಟ್ಟು ನಮ್ಮ ಮನೆಗೆ ಬಂದಳು. ನನ್ನ ಪರದೆಗಳಿಗೆ ಕೊನೆಗೂ ಒಂದು ಗತಿ ಕಂಡಿತು. ಹಡಗು ಬರುವವರೆಗೆ ಇದ್ದಳು, ಮತ್ತು ಅಷ್ಟರಲ್ಲಿ ನಮ್ಮ ಮಾನ ಗಗನಕ್ಕೇರಿತು. ಮನೆಯಲ್ಲಿ ಬಿಳಿಯಳೊಬ್ಬಳು ಬಾಡಿಗೆಗಿದ್ದಾಳಂತೆ! ನಮ್ಮ ಬೀದಿ ಎಲ್ಲಿದೆಯೆಂದೇ ತಿಳಿಯದಿದ್ದ ಪಾದ್ರಿ ದಾರಿ ಹುಡುಕಿಕೊಂಡು ಬಂದರು. ಶಾಲೆಯ ಇನ್ಸ್‌ಪೆಕ್ಟರು ಮೇಷ್ಟ್ರಿಗೆ ಮೊದಲ ಸಲ ಕೈಕುಲುಕಿದರು. ಭಾನುವಾರ ನನ್ನ ಅಮ್ಮ ಇಸ್ತ್ರಿ ಮಾಡಿದ ಉಡುಪಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತಳು, ಶುಂಠಿ ಪಾನಕ ಕುಡಿದಳು, ಮಿಸ್ ವಿನ್‌ಬುಶ್ ನಡೆಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದಳು.

"ಏನೋ ಅಂದ್ಕೊಂಡಿದ್ದೆ, ಚೆನ್ನಾಗೇ ಬಾಳ್ತಿದೀಯ ಕಣೇ ಐಸಿ," ಎಂದಳು.

"ಅಮ್ಮಾ, ಅವ್ರು ನೀಗ್ರೋ."

"ಶ್! ಮನೆಗೆ ಬಂದೋರನ್ನ ಹಾಗೆಲ್ಲ ಬಯ್ಬಾರ್ದು. ನಾನು ನಿಂಗೆ ಇದನ್ನೇನಾ ಕಲ್ಸಿದ್ದು?"

ಒಳಗೆ ಮಿಸ್ ವಿನ್‌ಬುಶ್ ನಗುವುದು ಕೇಳಿಸಿತು. ನಮ್ಮೂರಿಗೆ ಬಂದಮೇಲೆ ಅವಳು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು.

ಅವಳು ಹೋದ ಮೇಲೆ ಮೇಷ್ಟ್ರು ಮಂಡಳಿಗೆ ಹೋಗುವುದನ್ನು ನಿಲ್ಲಿಸಿದರು. ರಾಜೀನಾಮೆ ಏನೂ ಕೊಡಲಿಲ್ಲ. ಆ ಕುರ್ಚಿ ಖಾಲಿಯಾಗಿದ್ದು ಅಲ್ಲಿನವರಿಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅವರು ಬರೆದ ಕವಿತೆಗಳಲ್ಲಿ ಅಷ್ಟಾಗಿ ಹಿಮವಿರಲಿಲ್ಲ. ಚೆನ್ನಾಗೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಹಿಮದ ಮೇಲೆ ಅವರ ಕೈ ಪಳಗಿತ್ತು.

ಮರುವರ್ಷ ಮಿಸ್ ವಿನ್‌ಬುಶ್‌ಳ ಹೊಸ ಪುಸ್ತಕ ಬಂತು. ಅದರಲ್ಲಿ ನಮ್ಮ ಮಾರುಕಟ್ಟೆಯ ಮೇಲೊಂದು ಉದ್ದದ ಕವಿತೆ. ಗೆಡ್ಡೆ ಮಾರುವ ಹೆಂಗಸರು ಅವಳ ತೋಳಿಗೆ ತೋಳು ತಾಗಿಸಿ, 'ತಂಗೀ, ಇಷ್ಟು ದಿನ ಎಲ್ಲಿದ್ದೆ?' ಎಂದು ಅಳುತ್ತಾರೆ. ಪಕ್ಕದಲ್ಲಿ ಬರಿಗಾಲಿನ ಮುದಿ ಜಾನಪದ ಕವಿಯೊಬ್ಬ ಪೂರ್ವಿಕರ ಹಾಡು ಹಾಡುತ್ತಾನೆ. ಮೂವತ್ತೆಂಟು ವರ್ಷದ ನನ್ನ ಗಂಡ ತಮ್ಮ ಪಾಲಿಶ್ ಬೂಟುಗಳನ್ನು ನೋಡಿಕೊಂಡು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಕಾಗದ ಬರೆದು ಜಗಳವಾಡಿದರು. ಅವಳೂ ಬರೆದಳು: ಆ ನಗುವನ್ನೇ ಮೊದಲು ಬರೆದೆ, ಇಲ್ಲಿ ಯಾರೂ ಅಚ್ಚು ಹಾಕಲು ಒಪ್ಪಲಿಲ್ಲ, ನಾನೂ ಹೆಚ್ಚು ಹಟ ಮಾಡಲಿಲ್ಲ, ಕ್ಷಮಿಸಿ ಎಂದು. ಅವರಿಬ್ಬರ ಕಾಗದದ ಜಗಳ ಬಹಳ ವರ್ಷ ನಡೆಯಿತು. ಅದಕ್ಕಿಂತ ಒಳ್ಳೆಯ ಸ್ನೇಹ ಮೇಷ್ಟ್ರಿಗೆ ಇನ್ನೊಂದಿರಲಿಲ್ಲ.

ನಾನು ಆ ಪುಸ್ತಕವನ್ನು ಮಾರುಕಟ್ಟೆಗೆ ತೆಗೆದುಕೊಂಡು ಹೋಗಿ ಮಿಸ್ ಟೇಮರ್‌ಗೆ ಕವಿತೆ ಓದಿ ಹೇಳಿದೆ. ಈಗ ಬಯ್ಗುಳ ಉದುರುತ್ತದೆ ಎಂದು ಖುಷಿಯಾಗಿ ಕಾದೆ. ಅವಳು ಗೆಡ್ಡೆ ಕತ್ತರಿಸುತ್ತಿದ್ದ ಕತ್ತಿ ಕೆಳಗಿಟ್ಟು, ಕೈ ಕಟ್ಟಿಕೊಂಡು ಪೂರ್ತಿ ಕೇಳಿದಳು. ಇನ್ನೊಂದು ಸಲ ಓದು ಎಂದಳು. ಓದಿದೆ.

"ಚೆಂದಾಗೈತೆ," ಎಂದಳು ಕೊನೆಗೆ. "ಹಂಗೇ ಆಗಿದ್ರೆ ಇನ್ನೂ ಚೆಂದಾಗಿರ್ತಿತ್ತು."

ಅಷ್ಟರಲ್ಲಿ ಯಾರೋ ಗೆಡ್ಡೆ ಕೇಳಿದರು. ಅವಳು ಕತ್ತಿ ಎತ್ತಿಕೊಂಡಳು.